ಎರಡು ಲೇಬಲ್ಲಿನ ಸೀಸೆ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟೇ ತಲೆ ನರೆಸಿಕೊಂಡವಳು ನಾನು. ಪ್ರಯೋಗಶಾಲೆಗೆ ಹೊಸದಾಗಿ ಬಂದವರಿಗೆಲ್ಲ ನನ್ನ ಮೊದಲ ಉಪದೇಶ ಒಂದೇ: "ಲೇಬಲ್ ಓದದೆ ಸೀಸೆ ಮುಟ್ಟಬೇಡಿ. ಒಂದೇ ಸೀಸೆಗೆ ಎರಡು ಲೇಬಲ್ ಇದ್ದರೆ ನನ್ನ ಮೇಜಿನ ಮೇಲಿಟ್ಟು ದೂರ ಸರಿಯಿರಿ." ಅಂಥವಳು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಾನೇ ಎರಡು ಲೇಬಲ್ಲಿನ ಸೀಸೆಯಾಗಿ ನಿಂತೆ.

ನನಗೆ ಎರಡು ಅಡ್ಡಹೆಸರು. ತವರಿನದು ಅಂಕಪಟ್ಟಿ, ಪಿಂಚಣಿ, ಪಾಸ್‌ಪೋರ್ಟಿನಲ್ಲಿ. ಗಂಡನ ಮನೆಯದು ಕರೆಂಟ್ ಬಿಲ್ಲು, ಮತದಾರರ ಚೀಟಿ, ನೆರೆಹೊರೆಯವರ ಬಾಯಲ್ಲಿ. ಮದುವೆಯಾದ ಹೊಸತರಲ್ಲಿ ಹೆಸರು ಬದಲಾಯಿಸದೆ ಉಳಿದದ್ದು ಬರೀ ಸೋಮಾರಿತನದಿಂದ. ಆಮೇಲೆ ಯಾರೋ ಕೇಳಿದಾಗ ಅದಕ್ಕೆ ತತ್ವ ಅಂತ ಹೇಳಿಬಿಟ್ಟೆ. ಒಮ್ಮೆ ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ.

ನಮ್ಮವರು ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿದ್ದವರು. ಹೆಸರಿನ ವಿಷಯಕ್ಕೆ ಒಂದು ದಿನವೂ ಆಕ್ಷೇಪ ಎತ್ತಲಿಲ್ಲ, ತಮಾಷೆ ಮಾತ್ರ ಬಿಡಲಿಲ್ಲ. "ನಿಮ್ಮಿಬ್ಬರಲ್ಲಿ ಇವತ್ತು ಅಡುಗೆ ಯಾರದು?" ಅಂತ ಪೇಪರಿನ ಹಿಂದಿನಿಂದ ಕೇಳುತ್ತಿದ್ದರು. "ನಾವಿಬ್ರೂ ರಜ. ಇವತ್ತು ನಿಮ್ಮದೇ" ಅನ್ನುತ್ತಿದ್ದೆ.

ಹೀಗಿರುವಾಗ ಗುಬ್ಬಿಯ ಫೋನ್ ಬಂತು. ಗುಬ್ಬಿ ನನ್ನ ತಂಗಿ. ಅಮ್ಮ ತೀರಿಕೊಂಡ ಮೇಲೆ ನಾನೇ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಸಮುದ್ರದಾಚೆ ಕನ್ನಡಕದ ಅಂಗಡಿ ಇಟ್ಟುಕೊಂಡು, ಮದುವೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದವಳು, ಅರವತ್ತರ ಹೊಸ್ತಿಲಲ್ಲಿ ಪಕ್ಕದಂಗಡಿಯ ಗಡಿಯಾರದವನನ್ನು ಮೆಚ್ಚಿಕೊಂಡಿದ್ದಳು.

"ನೋಂದಣಿ ಕಚೇರಿಯಲ್ಲಿ ಮದ್ವೆ. ಸಾಕ್ಷಿ ಸಹಿ ನೀನೇ ಹಾಕ್ಬೇಕು ಅಕ್ಕಾ. ನೀನು ಬರ್ಲಿಲ್ಲ ಅಂದ್ರೆ ಮುಂದಕ್ಕೆ ಹಾಕ್ತೀನಿ. ಈ ವಯಸ್ಸಲ್ಲಿ ಮುಂದಕ್ಕೆ ಹಾಕೋದು ಅಂದ್ರೆ ಏನು ಅಂತ ಗೊತ್ತಲ್ಲ?"

"ಬರ್ತೀನಿ ಕಣೇ. ಈಜಿಕೊಂಡಾದ್ರೂ ಬರ್ತೀನಿ."

ಮಾರನೆಯ ದಿನವೇ ಟಿಕೆಟ್ ಏಜೆಂಟಿಗೆ ಫೋನ್ ಮಾಡಿದೆ. ಆ ಬೆಳಿಗ್ಗೆ ಇವರು, ಮಂಡಿನೋವಿನ ಮನುಷ್ಯ, ಅಟ್ಟದ ಮೇಲಿನ ಸೂಟ್‌ಕೇಸನ್ನು ಸದ್ದಿಲ್ಲದೆ ಇಳಿಸಿ, ಅದರ ಚಕ್ರಗಳಿಗೆ ಎಣ್ಣೆ ಬಿಟ್ಟು, ಹಿಡಿಕೆಗೆ ನನ್ನ ಕೈ ಉಜ್ಜದಿರಲಿ ಅಂತ ಬಟ್ಟೆ ಸುತ್ತಿದ್ದರು. ಅದನ್ನು ನೋಡುತ್ತ ನಿಂತಿದ್ದೆ. ಏಜೆಂಟ್ ಫೋನಿನಲ್ಲಿ, "ಮೇಡಂ, ನಿಮ್ಮ ಹೆಸರು?" ಅಂದ. ನನಗೆ ಏನಾಯಿತೋ, ಉಕ್ಕಿ ಬಂದುಬಿಟ್ಟಿತು. ಇಬ್ಬರೂ ಜೊತೆಯಾಗಿ ಹೊರದೇಶಕ್ಕೆ ಹೋಗುತ್ತಿರುವುದು ಇದೇ ಮೊದಲು. ಒಂದು ಸಲವಾದರೂ ಇವರ ಹೆಸರಿನಲ್ಲಿ ಹೋಗೋಣ ಅಂತ ಗಂಡನ ಮನೆಯ ಅಡ್ಡಹೆಸರು ಹೇಳಿದೆ. ಯೌವನದಲ್ಲಿ ಉಕ್ಕಬೇಕಾದ್ದು ಮುಪ್ಪಿನಲ್ಲಿ ಉಕ್ಕಿದರೆ ಹೀಗೇ, ಒಲೆಯೆಲ್ಲ ಹಾಳು.

ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟ್ ನೋಡಿದಳು, ಟಿಕೆಟ್ ನೋಡಿದಳು, ನನ್ನನ್ನು ನೋಡಿದಳು.

"ಆಂಟಿ, ಪಾಸ್‌ಪೋರ್ಟಲ್ಲಿರೋ ಇವರು ಯಾರು?"

"ನಾನೇ."

"ಮತ್ತೆ ಟಿಕೆಟಲ್ಲಿರೋ ಇವರು?"

"ಅವರೂ ನಾನೇ ಕಣಮ್ಮಾ."

ಆಕೆ ನಗಲಿಲ್ಲ. "ಪಾಸ್‌ಪೋರ್ಟಲ್ಲಿರೋ ಹೆಸರೇ ಟಿಕೆಟಲ್ಲೂ ಇರ್ಬೇಕು. ಇಬ್ರೂ ಒಬ್ರೇ ಅನ್ನೋದಕ್ಕೆ ಏನಾದ್ರೂ ಆಧಾರ ಇದ್ರೆ ತಿದ್ದಿಸಿ ಕೊಡಬಹುದು. ಮದ್ವೆ ಪ್ರಮಾಣಪತ್ರ ಇದೆಯಾ?"

ನಮ್ಮ ಕಾಲದಲ್ಲಿ ಮದುವೆಗೆ ಜನ ಬರುತ್ತಿದ್ದರು, ಪ್ರಮಾಣಪತ್ರ ಬರುತ್ತಿರಲಿಲ್ಲ. ಮತದಾರರ ಚೀಟಿಯೋ, ಮನೆಯ ಬೀರುವಿನಲ್ಲಿ ಭದ್ರವಾಗಿತ್ತು.

"ನಿಮ್ಮ ಪಾಸ್‌ಪೋರ್ಟಲ್ಲಿ ಗಂಡನ ಹೆಸರಿದೆಯಾ ನೋಡ್ತೀನಿ" ಅಂತ ಕೊನೆಯ ಪುಟ ತಿರುಗಿಸಿದಳು. ಅಪ್ಪನ ಹೆಸರು, ಅಮ್ಮನ ಹೆಸರು, ಅದರ ಕೆಳಗೆ ಖಾಲಿ. ಅಲ್ಲಿ ಬರೆಸಬೇಕಾದರೆ ನೋಟರಿಯ ಹತ್ತಿರ ಅಲೆಯಬೇಕು ಅಂದಿದ್ದರು, ನಾನು ಅಲೆಯಲಿಲ್ಲ. ಇದ್ದೊಬ್ಬ ಗಂಡನನ್ನು ಖಾಲಿ ಬಿಟ್ಟವಳು ನಾನು.

"ಇದು ತಪ್ಪಿದ್ರೆ ಮುಂದಿನ ವಿಮಾನ ಯಾವಾಗಮ್ಮಾ?"

"ನಾಡಿದ್ದು, ಆಂಟಿ."

ಮದುವೆ ನಾಳೆ. ಕೌಂಟರಿನ ಅಂಚು ಹಿಡಿದುಕೊಂಡೆ. ಇಷ್ಟು ಓದಿ, ಇಷ್ಟು ಪಾಠ ಹೇಳಿ, ತಂಗಿಯ ಮದುವೆಯನ್ನು ಒಂದು ಫೋನಿನಲ್ಲಿ ಮುಳುಗಿಸಿದ್ದೆ. ನಮ್ಮ ಹಿಂದೆ ನಿಂತಿದ್ದ ದಪ್ಪ ಮೀಸೆಯ ಮನುಷ್ಯ ಈಗ ಗದರುತ್ತಾನೆ ಅಂದುಕೊಂಡೆ. ಆತ ತನ್ನ ಗಟ್ಟಿ ಪೆಟ್ಟಿಗೆಯನ್ನು ನನ್ನ ಹಿಂದೆ ಅಡ್ಡ ಇಟ್ಟು, "ಕೂತ್ಕೊಳ್ಳಿ ಅಮ್ಮಾ, ಇದು ಒಡೆಯಲ್ಲ" ಅಂದ. ಕೂತೆ. ಕೂತ ಮೇಲೆ ಅಳು ಸ್ವಲ್ಪ ಹಿಂದಕ್ಕೆ ಹೋಯಿತು.

ಅಷ್ಟರಲ್ಲಿ ಇವರು ಕನ್ನಡಕ ಏರಿಸಿಕೊಂಡು, "ನನ್ನದರ ಕೊನೇ ಪುಟ ನೋಡಮ್ಮಾ" ಅಂತ ತಮ್ಮ ಪಾಸ್‌ಪೋರ್ಟ್ ಮುಂದೆ ಚಾಚಿದರು.

ಹುಡುಗಿ ಓದಿದಳು. ಹೆಂಡತಿಯ ಹೆಸರು ಅನ್ನುವ ಕಡೆ ನಾನಿದ್ದೆ. ಕಾಲೇಜಿನಲ್ಲಿ ಬರೆಯುತ್ತಿದ್ದ ಹಾಗೆಯೇ, ತವರಿನ ಅಡ್ಡಹೆಸರಿನ ಸಮೇತ. ಮೊದಲ ಪುಟದಲ್ಲಿ ಇವರದೇ ಅಡ್ಡಹೆಸರು, ನನ್ನ ಟಿಕೆಟಿನಲ್ಲಿದ್ದದ್ದೇ.

"ಇದನ್ನ ಯಾವಾಗ ಬರೆಸಿದ್ರಿ?" ಅಂದೆ.

"ಮಾಡಿಸುವಾಗ್ಲೇ. ಅಲ್ಲಿಯ ಗುಮಾಸ್ತ ನಿನಗೂ ನನ್ನ ಅಡ್ಡಹೆಸರೇ ಹಾಕ್ತೀನಿ ಅಂದ. ಅವಳು ಬರ್ಕೊಳ್ಳೋದು ಹೀಗಲ್ಲಪ್ಪ ಅಂದೆ. ಹಾಗಾದ್ರೆ ನೋಟರಿ ಹತ್ರ ಹೋಗಿ ಬನ್ನಿ ಅಂದ. ಹೋಗಿ ಬಂದೆ."

ಆ ಮಂಡಿ ಇಟ್ಟುಕೊಂಡು ಹೋಗಿ ಬಂದಿದ್ದರು, ನನಗೊಂದು ಮಾತು ಹೇಳದೆ.

ಹುಡುಗಿ ಎರಡು ಪಾಸ್‌ಪೋರ್ಟನ್ನೂ ಹಿಡಿದು ಮೇಲ್ವಿಚಾರಕಿಯ ಕೋಣೆಗೆ ಓಡಿದಳು. ನಿಜವಾಗಿ ಓಡಿದಳು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ. ವಾಪಸು ಬಂದಾಗ ಅವಳ ಕೈಯಲ್ಲಿ ತಿದ್ದಿದ ಟಿಕೆಟ್ ಇತ್ತು, ಒಂದು ಲೋಟ ನೀರೂ ಇತ್ತು. "ಮೇಡಂ ಒಪ್ಪಿದ್ರು. ಕುಡೀರಿ ಆಂಟಿ, ಆಮೇಲೆ ಬೇಗ ಹೊರಡಿ" ಅಂದಳು. ಪೆಟ್ಟಿಗೆಯ ಯಜಮಾನ ನಮ್ಮ ಸೂಟ್‌ಕೇಸನ್ನೂ ತಾನೇ ಎತ್ತಿ ತೂಕದ ಪಟ್ಟಿಯ ಮೇಲಿಟ್ಟ.

ವಿಮಾನದಲ್ಲಿ ಉಸಿರು ಹದಕ್ಕೆ ಬಂದ ಮೇಲೆ ನನಗೊಂದು ಅನುಮಾನ ಎದ್ದಿತು.

"ಅಲ್ಲ, ಪೇಪರಲ್ಲಿ ಒಂದು ಒತ್ತಕ್ಷರ ತಪ್ಪಿದ್ರೆ ಸಂಪಾದಕರಿಗೆ ಫೋನ್ ಮಾಡೋರು ನೀವು. ಟಿಕೆಟ್ ಬಂದು ವಾರ ಆಯ್ತು. ಓದ್ಲಿಲ್ವಾ?"

"ಓದ್ದೆ."

"ಮತ್ತೆ?"

ಅವರು ಕಿಟಕಿಯ ಕಡೆ ತಿರುಗಿದರು. "ತಪ್ಪು ಅಂತ ಗೊತ್ತಾಯ್ತು. ತಿದ್ದೋಕೆ ಮನಸ್ಸು ಬರ್ಲಿಲ್ಲ. ನೋಡೋಕೆ ಚೆನ್ನಾಗಿತ್ತು."

ಒಂದು ಮನೆಯಲ್ಲಿ ಒಬ್ಬರು ದಡ್ಡರು ಸಾಕು ಅಂತ ನನ್ನ ಲೆಕ್ಕವಿತ್ತು. ಇಬ್ಬರಿದ್ದೆವು.

ಮರುದಿನ ನೋಂದಣಿ ಕಚೇರಿಯ ಅಧಿಕಾರಿಣಿ ನನ್ನ ಪಾಸ್‌ಪೋರ್ಟ್ ನೋಡಿ, ಸಾಕ್ಷಿಯ ಜಾಗ ತೋರಿಸಿದಳು. ಪೆನ್ನು ತೆಗೆದುಕೊಂಡೆ. ಇವರು ಕಿವಿಯ ಹತ್ತಿರ ಬಗ್ಗಿ, "ನಿಮ್ಮಿಬ್ಬರಲ್ಲಿ ಹಳಬಳಿಗೆ ಹೇಳು, ಸಹಿ ಹಾಕ್ಲಿ" ಅಂದರು. ಹಾಕಿದೆ.

ಆಮೇಲೆ ಅಧಿಕಾರಿಣಿ ಗುಬ್ಬಿಯನ್ನು ಕೇಳಿದಳು, "ಮದುವೆಯ ನಂತರ ಯಾವ ಹೆಸರು ಇಟ್ಕೊಳ್ತೀರಿ?"

ಗುಬ್ಬಿ ನನ್ನ ಕಡೆ ತಿರುಗಿದಳು. ಗಡಿಯಾರದವನೂ ತಿರುಗಿದ. ಈ ವಿಷಯದಲ್ಲಿ ನಾನು ಪಂಡಿತೆ ಅಂತ ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

"ಯಾವುದಾದ್ರೂ ಒಂದು ಇಟ್ಕೊಳ್ಳೇ, ಒಂದೇ ಒಂದು" ಅಂದೆ. "ಗಂಡನ ಮೇಲೆ ಪ್ರೀತಿ ಬಂದ್ರೆ ಅವನಿಗೇ ಹೇಳು. ಏಜೆಂಟಿಗೆ ಹೇಳ್ಬೇಡ."

ಎಲ್ಲರೂ ನಕ್ಕರು. ಇವರೂ ನಕ್ಕರು, ನಗುತ್ತಲೇ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಆ ತಪ್ಪು ಟಿಕೆಟನ್ನು ನಾಲ್ಕಾಗಿ ಮಡಿಸಿ ಅಲ್ಲಿಟ್ಟುಕೊಂಡಿದ್ದರು.