ಮೆಟ್ಟಿಲಿಗೆ ಹೊಡೆದ ಸ್ಪಂಜು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಯಾರೂ ನನಗೆ ಬುದ್ಧಿ ಹೇಳೋಕೆ ಬರಬೇಡಿ.

ನಮ್ಮದು ಸೋಫಾ, ಕುರ್ಚಿಗಳಿಗೆ ಕುಶನ್ ಹಾಕೋ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮರದ ಮೆಟ್ಟಿಲು. ಮೇಲಿನ ಮೂಲೆ ಕೋಣೆಯಲ್ಲಿ ನನ್ನ ತಮ್ಮ. ಅವನಿಗೆ ನಲವತ್ತೊಂದು, ಹದಿನೆಂಟು ವರ್ಷದಿಂದ ಕಾಯಿಲೆ. ಇಲ್ಲದ ದನಿ ಕೇಳಿಸುತ್ತೆ, ಯಾರೋ ಹೊಡೆಯೋಕೆ ಬರ್ತಿದ್ದಾರೆ ಅನ್ನಿಸುತ್ತೆ. ಮಾತ್ರೆ ತಗೊಳ್ತಾನೆ. ಚೆನ್ನಾಗಿರೋ ದಿನ ಕೆಳಗೆ ಬಂದು ದಿಂಬಿಗೆ ಗುಂಡಿ ಹೊಲಿದು ಕೂರಿಸ್ತಾನೆ, ಅವನಷ್ಟು ನೀಟಾಗಿ ನನಗೂ ಬರಲ್ಲ.

ಒಂದೇ ಕಾಟ. ಮೆಟ್ಟಿಲ ಮೇಲೆ ಯಾರು ಕಾಲಿಟ್ಟರೂ ಬೆನ್ನು ಗೋಡೆಗೊತ್ತಿ ನಿಂತುಬಿಡ್ತಾನೆ. ಹತ್ತಿ ಬಂದವರ ಮುಖ ಕಂಡ ಮೇಲೇ ಉಸಿರು ಬಿಡೋದು. ದಿನಕ್ಕೆ ಇಪ್ಪತ್ತು ಸಲ ಈ ನಾಟಕ. "ಲೋ, ಬಂದಿದ್ದು ನಿಮ್ಮ ಭಾವ ಕಣೋ, ಹುಲಿಯಲ್ಲ!" ಅಂತ ರೇಗಿ ರೇಗಿ ನನ್ನ ಗಂಟಲು ಕಟ್ಟಿತೇ ಹೊರತು ಅವನು ಬದಲಾಗಲಿಲ್ಲ.

ಆಗ ಹೊಳೀತು ನೋಡಿ ನನ್ನ ಮಹಾ ಉಪಾಯ. ಸದ್ದೇ ಇಲ್ಲದಿದ್ದರೆ ಹೆದರಿಕೆ ಎಲ್ಲಿಂದ ಬರುತ್ತೆ? ನಮ್ಮಲ್ಲಿ ಸ್ಪಂಜಿಗೇನು ಬರವೇ? ಒಂದು ಭಾನುವಾರ ಹದಿನಾಲ್ಕೂ ಮೆಟ್ಟಿಲಿಗೆ ದಪ್ಪ ಸ್ಪಂಜು ಹಾಸಿ, ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆದೆ. ಹತ್ತಿದರೆ ಚೂರೂ ಸದ್ದಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕೇ ದಿನ. ತಮ್ಮ ಊಟ ಬಿಟ್ಟ, ನಿದ್ದೆ ಬಿಟ್ಟ, ಬಾಗಿಲಿಗೆ ಮೇಜು ಅಡ್ಡ ಇಟ್ಟ. "ಸದ್ದಿಲ್ಲದೆ ಬರೋಕೆ ಅವನಿಗೆ ದಾರಿ ಮಾಡಿಕೊಟ್ಟಿದ್ದೀಯ ಅಕ್ಕ" ಅಂದ. ಐದನೇ ದಿನ ನಮ್ಮ ಯಜಮಾನರು ಊಟದ ತಟ್ಟೆ ಹಿಡಿದು ಬಾಗಿಲು ತಳ್ಳಿದ್ದೇ ತಡ, ಕುರ್ಚಿ ಎತ್ತಿ ಎಸೆದ. ಅವರ ಹಣೆ ಒಡೀತು. ಅವರು ಕೆಟ್ಟವರಲ್ಲ, ಹದಿನೆಂಟು ವರ್ಷ ತುಟಿ ಪಿಟಕ್ಕೆನ್ನದೆ ಸಹಿಸಿದವರು. "ಸಾಕು ಕಣೇ. ಸೋಮವಾರ ಇವನನ್ನ ಆರೈಕೆ ಕೇಂದ್ರಕ್ಕೆ ಬಿಟ್ಟುಬರೋಣ" ಅಂದರು. ಅಲ್ಲಿಗೆ ಹೋದವರು ಮನೆಗೆ ವಾಪಸ್ಸು ಬಂದದ್ದು ನಾನು ನೋಡಿಲ್ಲ.

ಅವನನ್ನ ನೋಡೋ ಡಾಕ್ಟ್ರಮ್ಮನ ಹತ್ತಿರ ಓಡಿದೆ. ಸ್ಪಂಜಿನ ವಿಷಯ ಬರ್ತಿದ್ದ ಹಾಗೆ ಅವರು ಪೆನ್ನು ಕೆಳಗಿಟ್ಟರು. "ಇವರ ಚಿಕ್ಕಂದಿನ ಮನೆಗೂ ಮೆಟ್ಟಿಲಿತ್ತಾ? ಹತ್ತಿ ಯಾರಮ್ಮ ಬರ್ತಿದ್ದರು?"

ಅಪ್ಪ, ಇನ್ಯಾರು! ಬೆಲ್ಟ್ ಬಿಚ್ಚಿಕೊಂಡೇ ಬರ್ತಿದ್ದ. ಅಮ್ಮ ಆಗಲೇ ತೀರಿಹೋಗಿದ್ದಳು. ನನಗೆ ಒಂಬತ್ತು, ತಮ್ಮನಿಗೆ ಐದು. ಕೆಲವು ದಿನ ಅಪ್ಪ ಬಾಗಿಲಿಗೆ ಬರೋ ಮುಂಚೆಯೇ ಅವನು ನನ್ನನ್ನ ದರದರ ಎಳೆದು ಮಂಚದ ಕೆಳಗೆ ತೂರಿಸ್ತಿದ್ದ. ಕೆಲವು ದಿನ ಆರಾಮಾಗಿ ಆಡ್ತಾ ಕೂತಿರ್ತಿದ್ದ, ಆ ದಿನ ಏಟು ಇರ್ತಿರಲಿಲ್ಲ. ಏನೋ ನಮ್ಮ ಅದೃಷ್ಟ ಅಂದುಕೊಂಡಿದ್ದೆ ಅಂತ ಹೇಳಿದೆ.

"ಅದೃಷ್ಟ ಅಲ್ಲಮ್ಮ, ಹೆಜ್ಜೆ ಸದ್ದಿನ ಲೆಕ್ಕ" ಅಂದರು ಡಾಕ್ಟ್ರಮ್ಮ. "ಹೆದರಿಕೆಯಲ್ಲಿ ಬೆಳೆಯೋ ಮಗುವಿನ ಮಿದುಳು ಬೇರೆ ಥರಾನೇ ಬೆಳೆಯಬಹುದು. ಅಪಾಯ ಬಂತು ಅಂತ ಗಂಟೆ ಹೊಡೆಯೋ ಭಾಗ ಅತೀ ಚುರುಕಾಗುತ್ತೆ. ಅದು ಅಂದು, ಇದು ಇವತ್ತು ಅಂತ ಬೇರೆ ಮಾಡೋ ಭಾಗ ಸೊರಗುತ್ತೆ. ಕಾಯಿಲೆಗೆ ಇದೊಂದೇ ಕಾರಣ ಅನ್ನಲ್ಲ. ಆದರೆ ಇವರ ಮಿದುಳು ಮೂವತ್ತಾರು ವರ್ಷದಿಂದ ಕಾವಲು ಕಾಯ್ತಿದೆ. ನೀವು ಕಾವಲುಗಾರನ ಕಿವಿಗೆ ಹತ್ತಿ ತುರುಕಿದಿರಿ. ಮೊದಲು ಅದನ್ನ ಕಿತ್ತುಹಾಕಿ. ನಾಳೆ ನಾನೇ ಬಂದು ನೋಡಿ ಮಾತ್ರೆ ಬದಲಾಯಿಸ್ತೀನಿ."

ಅಯ್ಯೋ ದೇವರೇ! ಐದು ವರ್ಷದ ಕೂಸು, ತನ್ನ ಮೂಗು ತಾನು ಒರೆಸಿಕೊಳ್ಳೋಕೆ ಬರ್ತಿರಲಿಲ್ಲ, ಗೋಡೆಯಾಚೆಯಿಂದ ಮನುಷ್ಯನ ಸಿಟ್ಟು ಅಳೀತಿತ್ತು. ಯಾರು ಕಲಿಸಿದರು ಅದಕ್ಕೆ? ಆ ಪುಟ್ಟ ತಲೆ ತನಗೆ ತಾನೇ ಅಷ್ಟು ದೊಡ್ಡ ವಿದ್ಯೆ ಕಟ್ಟಿಕೊಂಡು, ತನ್ನ ಜೊತೆ ನನ್ನನ್ನೂ ಉಳಿಸಿತ್ತು. ಅದನ್ನ ನಾಟಕ ಅಂತ ಬೈದೆನಲ್ಲ, ನನ್ನ ನಾಲಿಗೆ ಸೇದಿಹೋಗ!

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿ, ಇಕ್ಕಳ ಹಿಡಿದು ಮೊಳೆ ಕೀಳೋಕೆ ಕೂತೆ. ಅವರು ಹಣೆಗೆ ಕಟ್ಟಿದ್ದ ಪಟ್ಟಿ ಸಮೇತ ಬಂದು, ಗೊಣಗುತ್ತಲೇ ಇನ್ನೊಂದು ಕಡೆಯಿಂದ ಕಿತ್ತರು. ಕೊನೇ ಚೂರೂ ಕಿತ್ತ ಮೇಲೆ ನಾನೊಬ್ಬಳೇ ದಡದಡ ಅಂತ ಹತ್ತಿದೆ.

"ಅಕ್ಕ?" ಬಾಗಿಲ ಹಿಂದಿನಿಂದ ದನಿ.

"ಹೌದು ಕಣಪ್ಪ. ಅಪ್ಪ ಯಾವತ್ತು ಹೊಡೀತಾನೆ ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತೋ?"

"ಹಿಮ್ಮಡಿ ಊರಿ ಬಂದರೆ ಹೊಡೀತಾನೆ. ಕಾಲೆಳೆದರೆ ಬಂದು ಮಲಗ್ತಾನೆ."

ಅಪ್ಪ ಸತ್ತು ಇಪ್ಪತ್ತು ವರ್ಷವಾಗಿದೆ. ನಾನು ಬಾಗಿಲಿಗೊರಗಿ ಕೂತೆ. "ನಾನು ಬಂದರೆ?"

"ನಿಂದು ಕೇಳಿಸಿದರೆ ನಿದ್ದೆ ಬರ್ತಿತ್ತು."

ಅತ್ತುಬಿಟ್ಟೆ, ಮುಚ್ಚಿಡೋದೇನಿದೆ. ಒಳಗೆ ಮೇಜು ಎಳೆದ ಸದ್ದಾಯ್ತು. ಬಾಗಿಲು ತೆಗೆದವನು ನನ್ನ ಮುಖ ನೋಡಿ, ಹೋಗಿ ಹಾಸಿಗೆಯಲ್ಲಿ ಬಿದ್ದುಕೊಂಡ. ಎರಡೇ ನಿಮಿಷಕ್ಕೆ ಗೊರಕೆ.

ಯಜಮಾನರು ಮೇಲೆ ಬಂದು ಇಣುಕಿದರು. ಬಹಳ ಹೊತ್ತು ನೋಡ್ತಾ ನಿಂತರು. "ಸೋಮವಾರ ಎಲ್ಲಿಗೂ ಹೋಗೋದು ಬೇಡ ಬಿಡು" ಅಂತ ಪಿಸುಗುಟ್ಟಿ, ತುದಿಗಾಲಲ್ಲಿ ಮೆಲ್ಲಗೆ ಇಳಿಯೋಕೆ ಹೊರಟರು.

"ರೀ," ಅಂದೆ, "ಜೋರಾಗಿ ಇಳೀರಿ. ಮಗು ಮಲಗಿದೆ."