ಟವೆಲ್ಲಿನ ಕೆಳಗಿನ ಕೈ

ದನದ ವ್ಯಾಪಾರದಲ್ಲಿ ಬಾಯಿಗಿಂತ ಕೈಗೆ ಬೆಲೆ ಹೆಚ್ಚು. ಬಾಯಿ ಎಷ್ಟು ಬೇಕಾದರೂ ಬೊಗಳೆ ಬಿಡಲಿ, ಬೆಲೆ ಮಾತ್ರ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಆಗಬೇಕು. ಮಾರುವವನ ಕೈ ಒಮ್ಮೆ, ಕೊಳ್ಳುವವನ ಕೈ ಒಮ್ಮೆ ಹಿಡಿದು, ನಡುವೆ ನಿಂತು ಬೆಲೆ ಕೂಡಿಸುವವನೇ ದಲ್ಲಾಳಿ. ಸಂತೆಬಾಚಹಳ್ಳಿ ಕಡೆಯ ಮಂಚಯ್ಯ ಮೀಸೆ ಚಿಗುರುವ ಮೊದಲಿಂದ ಈ ಕೆಲಸ ಮಾಡಿಕೊಂಡು ಬಂದವನು. ಅವನ ಕೈಗೆ ಸುತ್ತಲ ಸಂತೆಗಳಲ್ಲೆಲ್ಲ ಹೆಸರಿತ್ತು. ಮರ್ಯಾದೆಯ ವಿಚಾರ ಬೇರೆ. ಕೊಂಡ ಎತ್ತು ಚೆನ್ನಾಗಿ ಉತ್ತರೆ ಕೊಂಡವನು 'ನಾನು ನೋಡಿ ತಂದಿದ್ದು' ಎಂದು ಮೀಸೆ ತಿರುವುತ್ತಿದ್ದ. ಕುಂಟಿದರೆ ಮಂಚಯ್ಯನ ಮನೆ ಬಾಗಿಲಿಗೆ ಬಂದು ಬೀದಿಯೆಲ್ಲ ಕೇಳುವಂತೆ ಬೈಯುತ್ತಿದ್ದ.

ಮಂಚಯ್ಯನಿಗೆ ಒಬ್ಬಳೇ ಮಗಳು, ಸಹನ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಪಾಂಡವಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಆ ಒಂದು ವರ್ಷ ಮಂಚಯ್ಯನ ಕಾಲು ನೆಲದ ಮೇಲಿರಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುತ್ತಲೇ "ನಮ್ ಮಗ ಮೇಡಮ್ಮು ಕಣ್ಲಾ" ಅನ್ನುತ್ತಿದ್ದ. ನಾಗಮಂಗಲದ ಕಡೆಯಿಂದ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೊರಡುವಾಗ "ಹುಡುಗಿ ಸರಿ, ದಲ್ಲಾಳಿ ಮನೆ ಅನ್ನೋದೊಂದು" ಎಂದು ರಾಗ ಎಳೆದು ಹೋದರು. ಮಂಚಯ್ಯ ಅವತ್ತು ಊಟ ಮಾಡಲಿಲ್ಲ. ಸಹನಳಿಗೆ ಆ ಗಂಡು ತಪ್ಪಿದ್ದು ಸಂಕಟವಾಗಿರಲಿಲ್ಲ. ಅಪ್ಪ ತಟ್ಟೆ ಸರಿಸಿ ಎದ್ದಿದ್ದು ಸಂಕಟವಾಗಿತ್ತು.

ಆಮೇಲೆ ಅವಳಿಗೆ ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಲೋಕವೇ ಬೇರೆ. ಬೆಲೆ ಏರುವುದು ಇಳಿಯುವುದನ್ನು ಊಹಿಸುವ ಲೆಕ್ಕದ ಮಾದರಿ ಕಟ್ಟುವವರು ಒಂದಷ್ಟು ಜನ, ಅದನ್ನು ಕಂಪ್ಯೂಟರಿಗೆ ಕಲಿಸುವವರು ಒಂದಷ್ಟು ಜನ, ನಷ್ಟ ಎಲ್ಲಿಂದ ನುಗ್ಗೀತು ಎಂದು ಕಾಯುವವರು ಇನ್ನೊಂದಷ್ಟು ಜನ. ಎಲ್ಲರಿಗಿಂತ ಮೇಲೆ, ಗಿರಾಕಿಗೆ ಬೆಲೆ ಹೇಳುವ ಡೆಸ್ಕಿನವರು. ಎಲ್ಲರೂ ಕಂಡರೆ ಮುಖ ಸಿಂಡರಿಸುವುದು ಮಾತ್ರ, ಬೇರೆಯವರು ಕಟ್ಟಿದ ಮಾದರಿಯಲ್ಲಿ ತಪ್ಪು ಹುಡುಕುವವರನ್ನು. ಸಹನಳನ್ನು ಕೂರಿಸಿದ್ದು ಅಲ್ಲಿ. ಅವಳ ಮೇಲಿನವಳು ಮೇಘನ ಮೊದಲ ದಿನವೇ ಹೇಳಿಕೊಟ್ಟಿದ್ದಳು: "ಲೆಕ್ಕ ಎಷ್ಟು ಚೆನ್ನಾಗಿದೆ ಅಂತ ನೋಡಬೇಡ. ಯಾವ ಮಾರ್ಕೆಟ್ಟಿನ ಅಂಕಿ ನೋಡಿ ಕಟ್ಟಿದ್ದು ಅಂತ ಮೊದಲು ಕೇಳು. ಅಲ್ಲಿಯ ಲೆಕ್ಕ ತಂದು ಇಲ್ಲಿಗೆ ಹಾಕಿದರೆ ಮುಳುಗಿದ ಹಾಗೇ."

ಅಪ್ಪನಿಗೆ ಇದನ್ನು ವಿವರಿಸಿದಾಗ ಅವನು ತೊಡೆ ತಟ್ಟಿ ನಕ್ಕಿದ್ದ. "ಅಂಗಂದ್ರೆ ಸುಳಿ ನೋಡೋ ಕೆಲ್ಸ ಅನ್ನು! ಮೈಮ್ಯಾಲೆ ಕೆಟ್ಟ ಸುಳಿ ಎಲ್ಲೈತೆ ಅಂತ ನೋಡಿ ಯೋಳೋದು." ಮುಂದಿನ ವಾರ ಸಂತೆಯಲ್ಲಿ ಎಲ್ಲರಿಗೂ ತನ್ನ ಮಗಳು ಬೆಂಗಳೂರಲ್ಲಿ ಬ್ಯಾಂಕಿನ ಸುಳಿ ನೋಡುತ್ತಾಳೆಂದು ಸಾರಿಬಿಟ್ಟ.

ಮೂರು ವರ್ಷ ತಪ್ಪು ಹುಡುಕಿ ಸಾಕಾಗಿ, ಹಟ ಹಿಡಿದು, ಅವಳು ಡೆಸ್ಕಿಗೆ ಏರಿದಳು. ಹೋದ ವರ್ಷ ಆ ಸುದ್ದಿ ಹೇಳಲೆಂದೇ ಊರಿಗೆ ಬಂದಳು.

"ಈಗ ನಾನೇ ಬೆಲೆ ಕಟ್ಟೋದು ಅಪ್ಪಾ."

"ಯಾರ್ ಕಡೀಕೆ? ಕೊಳ್ಳೋನಿಗಾ, ಮಾರೋನಿಗಾ?"

"ಇಬ್ರಿಗೂನೂವೆ. ಮಧ್ಯೆ ನಿಂತ್ಕಂಡು."

ಮಂಚಯ್ಯ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಅಂದ್ರೆ ದಲ್ಲಾಳಿ. ಇಷ್ಟು ಓದಿ ನನ್ ಜಾಗಕ್ಕೇ ಬಂದ್ಬುಟ್ಯಲ್ಲಾ ಮಗಾ. ನಾನ್ ಉಗಿಸ್ಕಂಡಿದ್ದು ಸಾಲ್ಲಿಲ್ವಾ?"

ಸಹನಳೂ ಅವನ ಮಗಳೇ ತಾನೇ, ಸುಮ್ಮನಿರಲಿಲ್ಲ. "ನಿಂಗೆ ನಿನ್ ಕೆಲ್ಸದ ಮ್ಯಾಲೇ ನಾಚ್ಕೆ. ನಂಗಿಲ್ಲ. ಮಾಡೋ ಕೆಲ್ಸದಾಗೆ ಮೋಸ ಇಲ್ದಿದ್ರೆ ದಲ್ಲಾಳಿ ಅಂದ್ರೆ ಏನಾಯ್ತು?" ಎಂದುಬಿಟ್ಟಳು. ಮಂಚಯ್ಯ ಎದ್ದು ಕೊಟ್ಟಿಗೆಗೆ ಹೋದ. ಅವತ್ತಿನಿಂದ ಮಗಳ ಹತ್ತಿರ ಮಾತು ಬಿಟ್ಟ. ಅವಳು ಫೋನ್ ಮಾಡಿದರೆ ಹೆಂಡತಿ ಮಾದಮ್ಮನ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದ. ಹೆಣ್ಣುಮಗಳು ಹೊರಗಡೆ ಎಷ್ಟು ದೊಡ್ಡ ಕುರ್ಚಿ ಹತ್ತಿದರೂ ಮನೆಯಲ್ಲಿ ಅಪ್ಪ 'ಉಂಡೇನವ್ವ' ಅನ್ನದಿದ್ದರೆ ಆ ಕುರ್ಚಿ ಮುಳ್ಳೇ. ಸಹನ ಒಂದು ವರ್ಷ ಅದರ ಮೇಲೆ ಕೂತಿದ್ದಳು.

ಈ ವರ್ಷ ಆಷಾಢದಲ್ಲಿ ಸಂತೆಯ ಟೀ ಅಂಗಡಿ ಮುಂದೆ ಮಂಚಯ್ಯ ಕುಸಿದುಬಿದ್ದ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯವರು ನೋಡುವಷ್ಟು ನೋಡಿ ಮನೆಗೆ ಕಳಿಸಿದರು. "ನೀವು ಹೇಳೋದು ಅವರಿಗೆ ಎಷ್ಟು ತಿಳಿಯುತ್ತೆ ಅಂತ ಹೇಳಕ್ಕಾಗಲ್ಲ. ಅಳು ಬಂದರೆ ಅರ್ಥ ಹುಡುಕಬೇಡಿ, ಈ ಕಾಯಿಲೆಯಲ್ಲಿ ಸುಮ್ಮನೇ ಅಳು ಬರುತ್ತೆ" ಎಂದರು ಡಾಕ್ಟರು. ಸಹನ ರಜೆ ಹಾಕಿ ಬಂದಳು. ರಜೆ ಮುಗಿದ ಮೇಲೆ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ಕೆಲಸ ಮಾಡತೊಡಗಿದಳು. ಅಪ್ಪನ ಮಂಚ ಒಳಗೆ, ಬಾಗಿಲಿಗೆ ನೇರವಾಗಿ. ಅಲ್ಲಿಂದ ನೋಡಿದರೆ ಮೊದಲು ಜಗುಲಿ, ಅದರಾಚೆ ಅಂಗಳ, ಅಂಗಳದಾಚೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಮಂಚಯ್ಯ ಕರುವಿನಿಂದ ಸಾಕಿದ ಹಳ್ಳಿಕಾರ್ ಎತ್ತಿನ ಜೋಡಿ.

ಒಂದು ಸಂಜೆ ಸಹನ ಗಂಜಿ ಕುಡಿಸಿ ಬಾಯಿ ಒರೆಸುತ್ತಿರುವಾಗ ಮಂಚಯ್ಯ ಎಡಗೈಯಿಂದ ಅವಳ ಹೆಗಲ ಮೇಲಿನ ಟವೆಲ್ಲು ಎಳೆದ. ಎಳೆದು, ಅವಳ ಕೈಯನ್ನೂ ಎಳೆದು, ಟವೆಲ್ಲಿನ ಕೆಳಗೆ ಹಿಡಿದುಕೊಂಡ. ಆ ಕೈ ಅವಳ ನಾಲ್ಕು ಬೆರಳನ್ನು ಒಟ್ಟಾಗಿ ಹಿಡಿದು ಬಿಟ್ಟಿತು. ಆಮೇಲೆ ಹೆಬ್ಬೆರಳಿನಿಂದ ಅವಳ ಅಂಗೈ ನಡುವೆ ಒತ್ತಿತು. ಒತ್ತಿ ಸುಮ್ಮನಾಯಿತು. ಮಂಚಯ್ಯನ ಕಣ್ಣು ಬಾಗಿಲ ಕಡೆ ಹೋಯಿತು, ಮತ್ತೆ ಅವಳ ಮುಖಕ್ಕೆ ಬಂತು.

"ಅವ್ವಾ, ಅಪ್ಪ ನನ್ನತ್ರ ಮಾತಾಡ್ತಾವ್ರೆ!" ಎಂದು ಕೂಗಿಕೊಂಡಳು.

ಮಾರನೆಯ ಸಂಜೆಯೂ ಅದೇ, ಅದರ ಮಾರನೆಯ ಸಂಜೆಯೂ ಅದೇ. ನಾಲ್ಕು ಬೆರಳು, ಅಂಗೈ, ಬಾಗಿಲು. ಟವೆಲ್ಲಿಲ್ಲದೆ ಮಾತ್ರ ಅವನ ಕೈ ಮೇಲೇಳುತ್ತಿರಲಿಲ್ಲ. ಮಾದಮ್ಮ ನೋಡಿ ನೋಡಿ ನಿಟ್ಟುಸಿರಿಟ್ಟಳು. "ಎತ್ತಿನ ಚಿಂತೆ ಕಣವ್ವಾ. ಕೊಟ್ಗೆ ಕಡೀಕೇ ನೋಡ್ತಾವ್ರೆ. ಇವ್ರ್‌ನೂ ನೋಡ್ಕಂಡು ಎತ್ಗೋಳ್ನೂ ಮೇಯ್ಸಕ್ಕೆ ನನ್ ಕೈಲಾಗಕ್ಕಿಲ್ಲ ಅಂತ ಗೊತ್ತಾಗೈತೆ ಅವ್ರಿಗೆ. ಮಾರ್ಬುಡಿ ಅಂತಾವ್ರೆ."

ಆ ಕೈಯ ಅರ್ಥ ಕೇಳಲು ಒಬ್ಬನಿದ್ದ. ದಾಸಯ್ಯ, ಮಂಚಯ್ಯನ ಜೊತೆ ಸಂತೆ ಸುತ್ತಿದ ಜೊತೆಗಾರ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಾಗಮಂಗಲದಲ್ಲಿ ಮಗಳ ಮನೆಯಲ್ಲಿದ್ದ. ಹೋಗಿಬರುವುದು ಅರ್ಧ ದಿನದ ಮಾತು. ಆದರೆ ಸಹನಳಿಗೆ ಮನಸ್ಸಾಗಲಿಲ್ಲ. ಒಂದು ವರ್ಷ ಮಾತು ಬಿಟ್ಟಿದ್ದ ಅಪ್ಪ ಈಗ ಆಡುತ್ತಿರುವುದು ತನ್ನ ಕೈಯೊಡನೆ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೇ? ಬೆಲೆ ಕಟ್ಟುವುದೇ ಕಸುಬಾದವಳಿಗೆ ಇಷ್ಟು ತಿಳಿಯದೇ? ಹಾಗಂದುಕೊಂಡು ಮೊಬೈಲಿನಲ್ಲಿ ಹುಡುಕಿದಳು. ದನದ ಸಂತೆಯ ಬೆರಳ ಲೆಕ್ಕ ಹೇಳಿಕೊಡುವ ವಿಡಿಯೋ ಸಿಕ್ಕಿತು. ಹಿಡಿದ ಬೆರಳು ಎಷ್ಟೋ ಅಷ್ಟು, ಅಂಗೈ ಒತ್ತಿದರೆ ಐದು ಎಂದು ಅದರಲ್ಲಿದ್ದವನು ಕೈ ಆಡಿಸಿ ತೋರಿಸಿದ. ನಾಲ್ಕು, ಐದು. ನಲವತ್ತೈದು. ಅಂಥ ಜೋಡಿಗೆ ಲಕ್ಷದ ಮಾತು ಇದ್ದದ್ದೇ, ಅದನ್ನು ಕೈ ಹೇಳಬೇಕಾಗಿಲ್ಲ. ಒಂದು ಲಕ್ಷ ನಲವತ್ತೈದು ಸಾವಿರ. ಇತ್ತೀಚೆಗೆ ಮಾರಾಟವಾದ ಜೋಡಿಗಳ ಬೆಲೆ ವಿಚಾರಿಸಿ ತಾಳೆ ನೋಡಿದಳು. ಹೆಚ್ಚುಕಡಿಮೆ ಅಲ್ಲಿಗೇ ಬಂತು. ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಪ್ಪನ ಮುಖದ ಹತ್ತಿರ ಬಗ್ಗಿ ಕೇಳಿದಳು. "ಎತ್ತು ಮಾರ್ಬೇಕಾ ಅಪ್ಪಾ? ಒಂದು ನಲವತ್ತೈದಕ್ಕಾ?"

ಮಂಚಯ್ಯನ ಕಣ್ಣಿಂದ ನೀರು ಇಳಿಯಿತು. ಅರ್ಥ ಹುಡುಕಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಅದರಲ್ಲೂ ಹೂಂ ಅನ್ನುವ ಅರ್ಥ ಹುಡುಕಿಕೊಂಡಳು.

ಕ್ಯಾತನಹಳ್ಳಿಯ ಲೋಕೇಶ ಎಂಬ ಕಬ್ಬಿನ ಗದ್ದೆಯವನು, ಎತ್ತಿನ ಶೋಕಿ ಇದ್ದವನು, ಟೆಂಪೋ ಮಾಡಿಕೊಂಡು ಬಂದ. ಎತ್ತಿನ ಬೆನ್ನು ಸವರಿ, ಬಾಯಿ ಬಿಡಿಸಿ ನೋಡಿ, ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿದ. "ಮಂಚಣ್ಣನ ಕೊಟ್ಗೆ ಎತ್ತು ಅಂದ್ಮ್ಯಾಲೆ ಏನ್ ನೋಡದು ಬುಡವ್ವಾ." ಎತ್ತುಗಳು ಟೆಂಪೋಗೆ ಹತ್ತಿಸುವ ಹಲಗೆಯ ಮೇಲೆ ಕಾಲಿಡಲು ಹಿಂಜರಿದವು. ಎಡದ್ದು ಒಮ್ಮೆ ಮನೆಯ ಕಡೆ ತಿರುಗಿ ಕೂಗಿತು. ಕೊರಳ ಗಂಟೆಯ ಸದ್ದು ಕೆರೆ ಏರಿಯವರೆಗೂ ಕೇಳಿಸುತ್ತಿತ್ತು. ಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ಒಲೆ ಮುಂದೆ ಕೂತಳು.

ಸಹನ ಒಳಗೆ ಹೋದಳು. "ನೀನ್ ಯೋಳಿದ್ ಬೆಲೆಗೇ ಕೊಟ್ಟೆ ಅಪ್ಪಾ. ಒಂದ್ ರೂಪಾಯಿ ಇಳಿಸ್ಲಿಲ್ಲ." ಮಂಚಯ್ಯ ಬಾಗಿಲ ಕಡೆ ನೋಡುತ್ತಿದ್ದ. ಅವಳ ಮುಖಕ್ಕೆ ಕಣ್ಣು ತರಲಿಲ್ಲ.

ಅವತ್ತು ಸಂಜೆ ಅವನು ಟವೆಲ್ಲು ಎಳೆಯಲಿಲ್ಲ. ಅವಳೇ ಹೊದಿಸಿ ಕೈ ಕೊಟ್ಟಳು. ಅವನ ಕೈ ಬೆಚ್ಚಗಿತ್ತು, ಆದರೆ ಬೆರಳು ಮಡಚಲಿಲ್ಲ. ಹೇಳಬೇಕಾದ್ದು ಹೇಳಿ ಮುಗಿದಿರಬೇಕು, ನೆಮ್ಮದಿಯಾಗಿರಬೇಕು ಎಂದುಕೊಂಡಳು. ಆ ವಾರ ಕಳೆಯುವುದರೊಳಗೆ, ಒಂದು ಬೆಳಗಿನ ಜಾವ, ಮಂಚಯ್ಯ ಹೋಗಿಬಿಟ್ಟ.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ದಾಸಯ್ಯ ಬಂದ. ಕಣ್ಣಿಗೆ ಕಪ್ಪು ಕನ್ನಡಕ, ಕೈ ಹಿಡಿದು ಕರೆತರಲು ಮಗಳು. ಗುಡ್ಡೆಯ ಹತ್ತಿರ ಹೋಗಿ ಬಂದು ಜಗುಲಿಯ ಮೇಲೆ ಕೂತು, "ಕೊಟ್ಗೆ ಯಾಕೆ ಸದ್ದಿಲ್ಲ?" ಎಂದ. ಸಹನ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಅಪ್ಪ ಕಡೆಯ ದಿನಗಳಲ್ಲಿ ತನ್ನ ಕೈಯಲ್ಲೇ ಬೆಲೆ ಹೇಳಿದ್ದು, ತಾನು ಅದನ್ನು ತಿಳಿದುಕೊಂಡದ್ದು.

"ನಿನ್ ಕೈ ಹಿಡಿದ್ನಾ? ಟವಲ್ ಕೆಳೀಕಾ?" ದಾಸಯ್ಯ ನಂಬದವನಂತೆ ಕೇಳಿದ. "ಅಂಗೆಲ್ಲಾ ಹಿಡಿಯಕ್ಕಿಲ್ಲ ಕಣವ್ವ ನಾವು. ಯಾಪಾರಕ್ಕೆ ನಿಂತೋರ ಕೈ, ಇಲ್ಲಾ ಕಸುಬ್ನೋರ ಕೈ ಮಾತ್ರವ ಟವಲ್ ಕೆಳೀಕೆ ತಕಳೋದು. ಎಂಗೆ ಹಿಡಿದ, ತೋರ್ಸು."

ತನ್ನ ಹೆಗಲ ಟವೆಲ್ಲನ್ನು ಇಬ್ಬರ ಕೈಮೇಲೂ ಹಾಕಿದ. ಅವಳು ಅವನ ನಾಲ್ಕು ಬೆರಳು ಒಟ್ಟಿಗೆ ಹಿಡಿದು ಬಿಟ್ಟಳು. ಹೆಬ್ಬೆರಳಿನಿಂದ ಅಂಗೈ ನಡುವೆ ಒತ್ತಿದಳು.

ದಾಸಯ್ಯ ಟವೆಲ್ಲಿನ ಕಡೆಗೆ ಮುಖ ಬಗ್ಗಿಸಿದ. ಕನ್ನಡಕದ ಕೆಳಗಿಂದ ನೀರು ಜಾರಿತು. "ನಲವತ್ತೈದು ಅಂತ ಯಾರ್ ಯೋಳಿದ್ದು ನಿಂಗೆ?"

"ವಿಡಿಯೋ ನೋಡ್ದೆ ಮಾವ."

"ಯಾವ್ ಸಂತೇದು?"

ಮೂರು ವರ್ಷ ಕಂಡಕಂಡವರಿಗೆಲ್ಲ ಅವಳು ಕೇಳಿದ್ದ ಮೊದಲ ಪ್ರಶ್ನೆ ಅದು. ಆ ವಿಡಿಯೋ ಎಲ್ಲಿಯದೋ, ಯಾವ ಸೀಮೆಯದೋ ಅವಳು ನೋಡಿಯೇ ಇರಲಿಲ್ಲ.

"ಸಂತೆ ಸಂತೇಗೂ ಕೈ ಬ್ಯಾರೆ ಮಗಾ. ನಮ್ ಕಡೆ ಇದು ಬೆಲೆ ಅಲ್ಲ." ದಾಸಯ್ಯ ಅವಳ ನಾಲ್ಕು ಬೆರಳು ಹಿಡಿದ. "ಇಂಗೆ ಹಿಡಿದು ಬುಟ್ರೆ, ಇನ್ ಮಾತು ಸಾಕು, ಚೌಕಾಸಿ ಮುಗೀತು ಅಂತ." ಅಂಗೈ ಒತ್ತಿದ. "ಇಂಗೆ ಒತ್ತುದ್ರೆ, ನಿನ್ ಮಾತ್ಗೆ ನಾನು ಒಪ್ದೆ, ನೀನ್ ಅಂದಿದ್ದೇ ಸರಿ ಅಂತ. ಎತ್ತಿನ್ ಮಾತಲ್ಲ ಕಣವ್ವ ಅದು. ನಿನ್ ಕೆಲ್ಸದ್ ಮಾತು. ಒಂದ್ ವರ್ಷ ನನ್ ತಲೆ ತಿಂದಿದ್ದ ಅವ್ನು, 'ಮಗೀಗೆ ಅಂದ್ಬುಟ್ಟೆ ಕಣ್ಲಾ ದಾಸ, ಎಂಗೆ ವಾಪಸ್ ತಕಳ್ಲಿ' ಅಂತವ."

ಸಹನ ತಿರುಗಿ ಬಾಗಿಲ ಒಳಗೆ ನೋಡಿದಳು. ಖಾಲಿ ಮಂಚ ಕಂಡಿತು. ಮಂಚಕ್ಕೂ ಕೊಟ್ಟಿಗೆಗೂ ನಡುವೆ, ಅಪ್ಪನ ಕಣ್ಣಿನ ನೇರಕ್ಕೆ, ಅವಳ ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ಮೇಲೆ ಲ್ಯಾಪ್‌ಟಾಪು.

"ಹಂಗಾದ್ರೆ ದಿನಾ ದಿನಾ ಯಾಕೆ ಅದ್ನೇ ಯೋಳ್ತಿದ್ರು ಮಾವ? ಒಂದ್ ಸಲ ಯೋಳಿ ಸುಮ್ಕಾಗ್ಬೋದಿತ್ತು."

ದಾಸಯ್ಯ ಹೇಳಲೋ ಬೇಡವೋ ಎಂಬಂತೆ ಅವಳ ಕೈ ಸವರಿದ. ಅವಳು ಬಿಡದೆ ಕೇಳಿದ ಮೇಲೆ ಹೇಳಿದ.

"ಅಂಗೈ ಒತ್ತುಸ್ಕಂಡೋರು ತಿರುಗ್ಸಿ ಒತ್ಬೇಕು ಕಣವ್ವ. ಆಗ್ಲೇ ಮಾತು ಕೂಡೋದು. ಅವ್ರು ಒತ್ದೆ ಹೋದ್ರೆ, ಅವ್ರಿಗಿನ್ನೂ ಸಿಟ್ಟು ಇಳ್ದಿಲ್ಲ ಅಂತ ಲೆಕ್ಕ. ಅದ್ಕೇಯ ತಿರ್ಗಾ ತಿರ್ಗಾ ಕೇಳ್ತಾ ಇರೋದು." ಮೆಲ್ಲಗೆ ಕೇಳಿದ: "ನೀನ್ ಒತ್ತಿದ್ಯಾ?"

ಒಳಗೆ ಮಾದಮ್ಮ ನೆಂಟರಿಗೆ ಎಲೆ ಹಾಕಿಸುತ್ತಿದ್ದಳು. ಟವೆಲ್ಲಿನ ಕೆಳಗೆ ದಾಸಯ್ಯನ ಒರಟು ಅಂಗೈ ಇನ್ನೂ ಸಹನಳ ಕೈಯಲ್ಲೇ ಇತ್ತು. ಅವಳು ಹೆಬ್ಬೆರಳಿಟ್ಟು ಅದನ್ನು ಒತ್ತಿದಳು. ಮತ್ತೆ ಒತ್ತಿದಳು. ಅಪ್ಪಾ, ಅಪ್ಪಾ ಎಂದು ಬಿಕ್ಕುತ್ತಾ ಒತ್ತುತ್ತಲೇ ಇದ್ದಳು. ದಾಸಯ್ಯ ಕೈ ಎಳೆದುಕೊಳ್ಳದೆ ಹಾಗೇ ಕೂತಿದ್ದ.