ಆಡಿನ ಹಾಲು ಕುಡಿಯುವ ಹಕ್ಕಿ

ತೊಂಬತ್ನಾಲ್ಕರ ಸೆಪ್ಟೆಂಬರಿನ ಒಂದು ಮುಸ್ಸಂಜೆ ಕುಂಞಮ್ಮದ್, ಅರಬರ ನಾಡಿನ ಸಹಮ್ ಎಂಬ ಊರಿನ ಖರ್ಜೂರದ ತೋಟದೊಳಗೆ ಜೀಪು ನಿಲ್ಲಿಸಿದ. ಜೊತೆಗಿದ್ದವಳು ಅವನ ಕಂಪನಿಯ ಜರ್ಮನ್ ಇಂಜಿನಿಯರ್ ಇಸಾಬೆಲ್ಲಾ. ಆಕೆಗೆ ಹಕ್ಕಿ ನೋಡುವ ಹುಚ್ಚು. ಇಳಿಯುವ ಮೊದಲೇ ತೋಟದ ಯಜಮಾನ ಹಮೂದನ ಕೂಗು ಕೇಳಿಸಿತು.

"ನನ್ನ ಆಡಿನ ಹಾಲು ಕದಿಯುತ್ತೀಯಾ? ಖಲಾಸ್! ನಾಳೆಯೇ ಪೊಲೀಸರಿಗೆ ಕೊಡುತ್ತೇನೆ!"

ದೊಡ್ಡಿಯ ಬಳಿ ಕೈಮುಗಿದು ನಿಂತಿದ್ದವನು ಆಳು ಗುರುವ. ಕಾರ್ಕಳದ ಕಡೆಯವನು, ಬಂದು ಹೆಚ್ಚು ದಿನವಾಗಿರಲಿಲ್ಲ, ಅರಬಿ ಬಾರದು. ತನ್ನ ಕಡೆಯ ಬ್ಯಾರಿ ಮುಸಲ್ಮಾನ ಕುಂಞಮ್ಮದನನ್ನು ಕಂಡು ಅಂಗಲಾಚಿದ.

"ಬ್ಯಾರಿಗಳೇ, ನೀವಾದ್ರೂ ಹೇಳಿ ಮಾರಾಯ್ರೆ. ನಾನು ಒಂದು ತೊಟ್ಟೂ ಮುಟ್ಟಲಿಲ್ಲ. ಆ ಕಪ್ಪು ಆಡು ಹಾಲೇ ಕೊಡುದಿಲ್ಲ."

ಆಗಲೇ ಆಡುಗಳ ಕಾಲಬುಡದಿಂದ ಒಣಗಿದ ಎಲೆಯ ಬಣ್ಣದ ಹಕ್ಕಿಯೊಂದು ಸದ್ದಿಲ್ಲದೆ ಹಾರಿ, ಮತ್ತೆ ಅಲ್ಲೇ ಇಳಿಯಿತು.

"ತ್ಸೀಗನ್‌ಮೆಲ್ಕರ್!" ಎಂದಳು ಇಸಾಬೆಲ್ಲಾ. "ನಮ್ಮ ಭಾಷೆಯಲ್ಲಿ ಆಡಿನ ಹಾಲು ಕರೆಯುವವನು ಅಂತ. ಕತ್ತಲಾಗುತ್ತಲೇ ಬಂದು ಕೆಚ್ಚಲು ಚೀಪುತ್ತದೆ ಎಂದು ಹಿಂದಿನ ಕುರುಬರು ನಂಬಿದ್ದರು."

ಗುರುವ ಬಚಾವಾಗಲು ಇಷ್ಟು ಸಾಕು ಅನ್ನಿಸಿತು ಕುಂಞಮ್ಮದನಿಗೆ. ಅಷ್ಟನ್ನೇ ಅರಬಿಯಲ್ಲಿ ಹೇಳಿದ. ಹಮೂದ್ ಒಳಗೋಡಿ ಕೋವಿ ತಂದ.

ಇಸಾಬೆಲ್ಲಾ ಹಕ್ಕಿಗೆ ಅಡ್ಡ ನಿಂತಳು. "ಅವನಿಗೆ ಏನು ಹೇಳಿದೆ? ಅದು ಬರುವುದು ಆಡಿನ ಸುತ್ತ ಏಳುವ ಹುಳಕ್ಕೆ! ಹಾಲು ಬತ್ತಿದಾಗ ಕುರುಬರು ಹತ್ತಿರ ಕಂಡದ್ದನ್ನು ಕಳ್ಳ ಅಂದರು. ಆ ಹೆಸರು ಹುಟ್ಟಿದ್ದೇ ಹಾಗೆ!"

ಇದನ್ನು ಹೇಳಿದರೆ ಗುರುವ ಮತ್ತೆ ಕಳ್ಳ. ಹೇಳದಿದ್ದರೆ, ಕೋವಿಯ ಬಾಯಿ ಆಕೆಯ ಭುಜದ ಪಕ್ಕದಲ್ಲೇ ಇತ್ತು. ಕುಂಞಮ್ಮದ್ ಅರಬಿಯಲ್ಲಿ ಹೇಳಿಬಿಟ್ಟ.

"ಹಾಗಾದರೆ ಹಾಲು ಕದ್ದವರು ಯಾರು?" ಹಮೂದ್ ಗುರುವನ ಕಡೆ ತಿರುಗಿದ. ಕೋವಿಯೂ ತಿರುಗಿತು.

"ಹಕ್ಕಿ ಆಡಿನ ಹತ್ತಿರ ಕಂಡಿತು, ಕಳ್ಳನಾಯಿತು. ಇವನೂ ಹತ್ತಿರ ಕಂಡವನೇ, ಅರ್ಬಾಬ್. ಮೊದಲು ಆಡನ್ನು ನೋಡಿ," ಎಂದ ಕುಂಞಮ್ಮದ್ ಯಜಮಾನನಿಗೆ.

ಹಮೂದ್ ಕುಕ್ಕರಗಾಲಲ್ಲಿ ಕೂತು ಕಪ್ಪು ಆಡಿನ ಕೆಚ್ಚಲು ಮುಟ್ಟಿದ. ಆಡು ಒದೆಯಿತು. ಕೆಚ್ಚಲಿನ ಒಂದು ಕಡೆ ಕಲ್ಲಿನಂತೆ ಗಟ್ಟಿ, ಬಿಸಿ. ಹಿಂಡಿದರೆ ಹಳದಿ ಗಡ್ಡೆ ಬಂತು; ಕೆಚ್ಚಲುಬಾವು, ಹಾಲು ಬತ್ತಿದ್ದು ಅದಕ್ಕೇ. ಹುಟ್ಟಿದಾಗಿನಿಂದ ಆಡಿನೊಡನೆ ಬೆಳೆದವನು ಅದನ್ನು ಬೆರಳಲ್ಲಿ ಉಜ್ಜುತ್ತ ತಲೆ ತಗ್ಗಿಸಿದ. ತಪ್ಪಾಯಿತು ಅನ್ನಲಿಲ್ಲ. ಕೋವಿಯನ್ನು ಗುರುವನ ಕೈಗೆ ಕೊಟ್ಟು ಏನೋ ಹೇಳಿದ.

ಗುರುವ ಕುಂಞಮ್ಮದನ ಮುಖ ನೋಡಿದ.

"ಕೆಚ್ಚಲಿಗೆ ಶಾಖ ಕೊಡ್ಲಿಕ್ಕೆ ಬಿಸಿನೀರು ಬೇಕಂತೆ, ಹೋಗು ಮಾರಾಯ," ಎಂದ ಕುಂಞಮ್ಮದ್. "ನಿನ್ನ ಕೆಲಸ ಹೋಗ್ಲಿಲ್ಲ."

ಗುರುವ ಕೋವಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದ.